ಬಾಕ್ಸ್ ಫ್ಯಾನೋ, ಟವರ್ ಕೂಲರೋ: ಸಿಂಗಟಾಲೂರಿನ ಬಿಸಿಲಿನ ಲೆಕ್ಕ

ಬಿಡಿಭಾಗ ತರಿಸಿ ಮನೆಯಲ್ಲೇ ಮೊದಲ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂಬುದು ಬೇಗ ತೀರ್ಮಾನವಾಗುತ್ತದೆ. ಕೈಯಲ್ಲಿರುವ ದುಡ್ಡೇ ಅದನ್ನು ತೀರ್ಮಾನಿಸಿಬಿಡುತ್ತದೆ. ಗಾಡಿ ನಿಲ್ಲುವುದು ಕೂಲರ್ ಹತ್ತಿರ ಬಂದಾಗ. ಹಲವು ಪ್ರೊಸೆಸರುಗಳ ಡಬ್ಬಿಯಲ್ಲೇ ಕಂಪನಿಯ ಫ್ಯಾನ್ ಒಂದು ಪುಕ್ಕಟೆ ಬಂದಿರುತ್ತದೆ. ಅಂಗಡಿಯವರು ಇದನ್ನೇ ಬಾಕ್ಸ್ ಫ್ಯಾನ್ ಅನ್ನುತ್ತಾರೆ, ಸ್ಟಾಕ್ ಕೂಲರ್ ಅಂತಲೂ ಕರೆಯುವುದುಂಟು. ‘ಅದಽ ಸಾಕ್ರಿ, ಸುಮ್ನ ಯಾಕ ರೊಕ್ಕ ಹಾಕ್ತೀರಿ’ ಎನ್ನುವ ಅಂಗಡಿಯವರೂ ಇದ್ದಾರೆ. ‘ನಮ್ಮ ಬಿಸಲಿಗೆ ಅದು ತಡಿಯಂಗಿಲ್ರಿ, ಟವರ್ ಹಾಕ್ಸಿ ಬಿಡ್ರಿ’ ಎನ್ನುವವರೂ ಇದ್ದಾರೆ. ಟವರ್ ಎಂದರೆ ಬೇರೆಯಾಗಿ ಕೊಳ್ಳಬೇಕಾದ ಎತ್ತರದ ಕೂಲರ್. ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತು ಯಾವ ಮನೆಗೆ ಹೊಂದುತ್ತದೆ ಎಂಬುದನ್ನು ಮಾತ್ರ ಅಂಗಡಿಯ ಕೌಂಟರಿನಲ್ಲಿ ನಿಂತು ಹೇಳಲಾಗುವುದಿಲ್ಲ.

ಸಿಂಗಟಾಲೂರು ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ವೀರಭದ್ರೇಶ್ವರನ ಗುಡಿಯಿಂದಾಗಿ, ಊರಿನ ಹೆಸರನ್ನೇ ಹೊತ್ತ ಏತ ನೀರಾವರಿ ಯೋಜನೆಯಿಂದಾಗಿ ಹೊರಗಿನವರಿಗೂ ಈ ಹೆಸರು ಪರಿಚಿತ. ಹೊಳಿ ಪಕ್ಕದಲ್ಲೇ ಇದ್ದರೂ ಬೇಸಿಗೆಯ ಮಧ್ಯಾಹ್ನಕ್ಕೆ ಅದರ ತಂಪು ತಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಹಗಲು 38ರಿಂದ 40 ಡಿಗ್ರಿ ಮುಟ್ಟುವುದು ಹೊಸ ಸಂಗತಿಯೇನಲ್ಲ. ಅದರ ಜೊತೆಗೆ ಎರೆ ಹೊಲದ ದೂಳು, ರಾಶಿ ಮಾಡುವ ದಿನಗಳಲ್ಲಿ ಜೋಳದ ಸುಂಕು, ಕಡಲೆಯ ಹೊಟ್ಟು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಈ ದೂಳನ್ನು ಕಿಟಕಿಯೊಳಗೂ ತರುತ್ತದೆ. ಈಗ ಇಲ್ಲಿಯೂ ಕಂಪ್ಯೂಟರಿಗೆ ತರತರದ ಕೆಲಸವಿದೆ. ಒಬ್ಬರು ಓದಿಗೆ ಬಳಸಿದರೆ ಇನ್ನೊಬ್ಬರು ಗ್ರಾಮ ಒನ್ ತರಹದ ಸೇವಾ ಕೇಂದ್ರಕ್ಕೆ ಬಳಸುತ್ತಾರೆ, ಮತ್ತೊಬ್ಬರು ಮದುವೆ ವಿಡಿಯೊ ಎಡಿಟ್ ಮಾಡುತ್ತಾರೆ, ಜಾನಪದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವರೂ ಇದ್ದಾರೆ. ಕೂಲರಿನ ವಾದ ನಡೆಯಬೇಕಾದದ್ದು ಈ ಬಿಸಿಲು, ಈ ದೂಳು, ಈ ಕೆಲಸಗಳ ನಡುವೆ.

ಮೊದಲು ಶಾಖದ ಲೆಕ್ಕ. ಕೂಲರ್ ಎಷ್ಟೇ ದೊಡ್ಡದಿರಲಿ, ತನ್ನ ಸುತ್ತಲಿನ ಗಾಳಿಗಿಂತ ಕೆಳಗೆ ಪ್ರೊಸೆಸರನ್ನು ತಣಿಸಲಾರದು. ಗಾಳಿಗಿಂತ ಎಷ್ಟು ಡಿಗ್ರಿ ಮೇಲೆ ಅದನ್ನು ತಡೆದು ನಿಲ್ಲಿಸುತ್ತದೆ ಎಂಬುದೇ ಅದರ ಸಾಮರ್ಥ್ಯ. ಒಂದು ಬಾಕ್ಸ್ ಫ್ಯಾನ್ ಪೂರ್ತಿ ಹೊರೆಯಲ್ಲಿ ಪ್ರೊಸೆಸರನ್ನು ಗಾಳಿಗಿಂತ 50 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದು ಇಟ್ಟುಕೊಳ್ಳಿ. ಹೊರದೇಶದ ವಿಮರ್ಶಕರು 22 ಡಿಗ್ರಿಯ ಕೋಣೆಯಲ್ಲಿ ಅದನ್ನು ಅಳೆದು 72 ಎಂದು ಬರೆಯುತ್ತಾರೆ. ಓದಿದವರಿಗೆ ಸಮಾಧಾನವಾಗುತ್ತದೆ. ಅದೇ ಫ್ಯಾನ್ ಸಿಂಗಟಾಲೂರಿನ 38 ಡಿಗ್ರಿಯ ಕೋಣೆಯಲ್ಲಿ 88 ತೋರಿಸುತ್ತದೆ. ಫ್ಯಾನ್ ಕೆಟ್ಟಿಲ್ಲ, ಕೋಣೆ ಬದಲಾಗಿದೆ ಅಷ್ಟೇ. ವಿಡಿಯೊ ನೋಡಿ ಕೂಲರ್ ಆರಿಸುವವರು ಅಲ್ಲಿ ಕಂಡ ಅಂಕಿಗೆ ನಮ್ಮ ಕಡೆಯ ಹದಿನೈದು ಹದಿನಾರು ಡಿಗ್ರಿಯನ್ನು ಕೂಡಿಸಿಕೊಳ್ಳಲೇಬೇಕು.

ಹಾಗೆಂದು ಪ್ರೊಸೆಸರ್ ಸುಟ್ಟುಹೋಗುತ್ತದೆ ಎಂದು ಹೆದರಬೇಕಿಲ್ಲ. ಎಎಂಡಿಯ ರೈಜನ್ 5 5600ಕ್ಕೆ ಕಂಪನಿ ಹಾಕಿರುವ ಮಿತಿ 90 ಡಿಗ್ರಿ, ಇಂಟೆಲ್ ಕೋರ್ ಐ5-12400ಕ್ಕೆ 100 ಡಿಗ್ರಿ. ಆ ಗಡಿ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ನಷ್ಟವಾಗುವುದು ಸಮಯ. ಒಂದು ತಾಸಿನಲ್ಲಿ ಮುಗಿಯಬೇಕಾದ ರೆಂಡರಿಂಗ್ ಇನ್ನಷ್ಟು ಹೊತ್ತು ಎಳೆಯುತ್ತದೆ, ಫ್ಯಾನ್ ಒಂದೇ ಸಮನೆ ಅರಚುತ್ತದೆ.

ಬಾಕ್ಸ್ ಫ್ಯಾನಿನ ಪರವಾಗಿ ನಿಲ್ಲುವವರ ಮೊದಲ ಮಾತು ಇದು: ಕಂಪನಿಯ ಎಂಜಿನಿಯರುಗಳು ಬಿಸಿ ದೇಶಗಳನ್ನು ಮರೆತು ಫ್ಯಾನ್ ಮಾಡಿಲ್ಲ. ಇದು ನಿಜ. ಎಎಂಡಿ ತನ್ನ ರೈಜನ್ 7 2700ಎಕ್ಸ್ ಪ್ರೊಸೆಸರಿಗೆ 105 ವ್ಯಾಟ್ ಎಂದು ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖ) ಲೆಕ್ಕ ಹಾಕುವಾಗ ಫ್ಯಾನಿನ ಬಾಯಿಗೆ ಬರುವ ಗಾಳಿಯನ್ನು 42 ಡಿಗ್ರಿ ಎಂದೇ ಹಿಡಿದಿತ್ತು. ಕೋಣೆ 30 ಡಿಗ್ರಿ ಇದ್ದು ಕ್ಯಾಬಿನೆಟ್ಟಿನ ಒಳಗೆ ಹತ್ತು ಡಿಗ್ರಿ ಏರಿದರೂ ಆ ಲೆಕ್ಕ ಹೊಂದುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ತಿಂಗಳು ಹಾಗೆಯೇ ಇರುತ್ತದೆ. ಲೆಕ್ಕ ತಪ್ಪುವುದು ಮೇ ತಿಂಗಳ ಮಧ್ಯಾಹ್ನ, ಕೋಣೆಯೇ 39 ಡಿಗ್ರಿ ಇದ್ದು ಕ್ಯಾಬಿನೆಟ್ಟಿನ ಒಳಗೆ 48 ಆದಾಗ. ವರ್ಷದಲ್ಲಿ ಎರಡು ತಿಂಗಳು, ದಿನಕ್ಕೆ ಐದಾರು ತಾಸು ಕಾಡುವ ತೊಂದರೆಗೆ ಹನ್ನೆರಡು ತಿಂಗಳ ಔಷಧ ಕೊಳ್ಳಬೇಕೆ ಎಂದು ಅವರು ಕೇಳುತ್ತಾರೆ. ಮೊದಲ ಸಲ ಕಂಪ್ಯೂಟರ್ ಕೊಳ್ಳುವ ಮನೆಯಲ್ಲಿ ಇದು ನ್ಯಾಯವಾದ ಪ್ರಶ್ನೆ.

ಎರಡನೆಯದು ಕೆಲಸದ ಸ್ವರೂಪ. ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಡಿಟಿಪಿ ಮಾಡುವವರ ಮೇಜಿನ ಮೇಲಿನ ಕಂಪ್ಯೂಟರ್ ದಿನವಿಡೀ ನಡೆಯುತ್ತದೆ, ಆದರೆ ಪ್ರೊಸೆಸರಿಗೆ ಹೆಚ್ಚು ದಣಿವಾಗುವುದಿಲ್ಲ. ನುಡಿ ತಂತ್ರಾಂಶದಲ್ಲಿ ಅಕ್ಷರ ಜೋಡಿಸುವುದು, ಪಹಣಿ ತೆಗೆದು ಪ್ರಿಂಟ್ ಕೊಡುವುದು, ಆನ್‌ಲೈನ್ ಪಾಠ ಕೇಳುವುದು ಇವೆಲ್ಲ ಪ್ರೊಸೆಸರಿನ ಶಕ್ತಿಯಲ್ಲಿ ಸ್ವಲ್ಪ ಪಾಲನ್ನಷ್ಟೇ ಕೇಳುತ್ತವೆ. ಅಂಥವರಿಗೆ ಟವರ್ ಕೂಲರ್ ಹಾಕಿಸಿದರೆ ಪರದೆಯ ಮೇಲಿನ ಡಿಗ್ರಿ ಅಂಕಿ ಇಳಿಯುತ್ತದೆ. ಕೆಲಸದ ವೇಗದಲ್ಲಿ ಮಾತ್ರ ಏನೂ ಗೊತ್ತಾಗುವುದಿಲ್ಲ.

ಮೂರನೆಯದು ಹಣ. ಸಾಧಾರಣ ಟವರ್ ಕೂಲರಿಗೆ ಸಾವಿರದ ಐನೂರರಿಂದ ಮೂರು ಸಾವಿರ ರೂಪಾಯಿ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಸಾಲುವ 600 ವಿಎ ಯುಪಿಎಸ್ಸಿಗೂ ಹೆಚ್ಚುಕಡಿಮೆ ಅಷ್ಟೇ. ಕರೆಂಟ್ ಹೇಳಿಕೇಳಿ ಹೋಗದ ಹಳ್ಳಿಯಲ್ಲಿ ಎರಡರಲ್ಲಿ ಒಂದನ್ನು ಮಾತ್ರ ಕೊಳ್ಳಲು ಸಾಧ್ಯವೆಂದರೆ ನಾನು ಯುಪಿಎಸ್ ಕೊಳ್ಳಿರಿ ಎನ್ನುತ್ತೇನೆ. ಬಿಸಿಯಾದ ಪ್ರೊಸೆಸರ್ ಸಂಜೆಗೆ ತಣ್ಣಗಾಗುತ್ತದೆ. ಬರೆಯುತ್ತಿದ್ದ ಫೈಲು ಕರೆಂಟ್ ಹೋದ ಗಳಿಗೆಯಲ್ಲಿ ಹಾಳಾದರೆ ಸಂಜೆಗೆ ಸರಿಹೋಗುವುದಿಲ್ಲ.

ಇನ್ನೊಂದು ಸಂಗತಿ ಪಟ್ಟಣದ ವಿಮರ್ಶಕರ ತಲೆಗೆ ಬರುವಂಥದ್ದಲ್ಲ. ಹುಬ್ಬಳ್ಳಿಯಲ್ಲೋ ಗದಗದಲ್ಲೋ ಜೋಡಿಸಿದ ಕಂಪ್ಯೂಟರ್ ಸಿಂಗಟಾಲೂರಿಗೆ ಬಸ್ಸಿನಲ್ಲಿ ಬರಬೇಕು. ಗದಗದಿಂದ ಮುಂಡರಗಿಗೇ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮುಂದೆ ಮತ್ತೆ ಊರ ದಾರಿ. ಡೀಪ್‌ಕೂಲ್ ಎಕೆ400 ತರಹದ ಟವರ್ ಕೂಲರ್ 155 ಮಿಲಿಮೀಟರ್ ಎತ್ತರ, ಅರ್ಧ ಕಿಲೋಗಿಂತ ಹೆಚ್ಚು ತೂಕ. ಕ್ಯಾಬಿನೆಟ್ ನಿಲ್ಲಿಸಿದಾಗ ಆ ತೂಕವೆಲ್ಲ ಮದರ್‌ಬೋರ್ಡಿಗೆ ಅಡ್ಡಲಾಗಿ ಜೋತುಬಿದ್ದಿರುತ್ತದೆ, ಬಸ್ಸು ಕುಣಿದಾಗಲೆಲ್ಲ ಬೋರ್ಡನ್ನು ಜಗ್ಗುತ್ತದೆ. ಬಾಕ್ಸ್ ಫ್ಯಾನ್ ಅದಕ್ಕಿಂತ ಬಹಳ ಹಗುರ, ಗಿಡ್ಡ, ಬೋರ್ಡಿಗೆ ಒತ್ತಿಕೊಂಡೇ ಕೂತಿರುತ್ತದೆ. ಟವರ್ ಹಾಕಿಸಿದವರು ಕ್ಯಾಬಿನೆಟ್ಟನ್ನು ಮಲಗಿಸಿ, ಮದರ್‌ಬೋರ್ಡ್ ಕೆಳಗೆ ಬಂದು ಕೂಲರ್ ನೆಟ್ಟಗೆ ನಿಲ್ಲುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬರಬೇಕು. ಇಲ್ಲವೇ ಕೂಲರನ್ನು ಬೇರೆ ತಂದು ಮನೆಯಲ್ಲಿ ಹಾಕಬೇಕು.

ಬಾಕ್ಸ್ ಫ್ಯಾನ್ ಗಾಳಿಯನ್ನು ಕೆಳಮುಖವಾಗಿ ಮದರ್‌ಬೋರ್ಡಿನ ಮೇಲೆಯೇ ಊದುತ್ತದೆ. ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಬಿಡಿಭಾಗಗಳು ಸಾಕೆಟ್ಟಿನ ಸುತ್ತಲೇ ಇರುತ್ತವೆ. ಅಗ್ಗದ ಬೋರ್ಡುಗಳಲ್ಲಿ ಅವುಗಳ ಮೇಲೆ ಶಾಖ ಹೀರುವ ಲೋಹದ ಪಟ್ಟಿಯೂ ಇರುವುದಿಲ್ಲ. ಬಾಕ್ಸ್ ಫ್ಯಾನಿನ ಗಾಳಿ ಅವುಗಳಿಗೂ ತಾಗುತ್ತದೆ. ಟವರ್ ಕೂಲರಿನ ಗಾಳಿ ಬೋರ್ಡಿಗೆ ಸಮಾಂತರವಾಗಿ ಹಿಂದಕ್ಕೆ ಹೋಗುವುದರಿಂದ ಅವುಗಳ ಪಾಲಿಗೆ ಬರುವುದು ಕಡಿಮೆ. ಟವರಿನ ಅಭಿಮಾನಿಗಳು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಇನ್ನು ಟವರಿನ ಪರ ಹೇಳಬೇಕಾದದ್ದೂ ಸಣ್ಣದಲ್ಲ.

ಅದರ ಶಕ್ತಿ ಇರುವುದು ತಾಮ್ರದ ಕೊಳವೆಗಳಲ್ಲಿ, ಹೀಟ್ ಪೈಪುಗಳಲ್ಲಿ. ಇವು ಗಟ್ಟಿ ಸರಳುಗಳಲ್ಲ. ಒಳಗೆ ಗಾಳಿ ತೆಗೆದು, ಕೆಲವೇ ಹನಿ ನೀರು ಬಿಟ್ಟು, ಬಾಯಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಪ್ರೊಸೆಸರಿನ ಕಡೆಯ ತುದಿಯಲ್ಲಿ ನೀರು 100 ಡಿಗ್ರಿಗೆ ಕಾಯದೆಯೇ ಆವಿಯಾಗುತ್ತದೆ. ಆ ಆವಿ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಕಡೆಗೆ ಓಡಿ, ಶಾಖವನ್ನು ಅಲ್ಲಿ ಬಿಟ್ಟು, ಮತ್ತೆ ನೀರಾಗಿ ಕೊಳವೆಯ ಒಳಮೈಯ ಸಣ್ಣ ಜಾಲರಿಯ ಮೂಲಕ ಕೆಳಗೆ ಬರುತ್ತದೆ. ಲಾಂತರಿನ ಬತ್ತಿ ಎಣ್ಣೆಯನ್ನು ಮೇಲಕ್ಕೆ ಏರಿಸುವ ರೀತಿಯಲ್ಲಿಯೇ ಈ ಜಾಲರಿ ನೀರನ್ನು ಎಳೆದು ತರುತ್ತದೆ. ಪಂಪಿಲ್ಲ, ಮೋಟರಿಲ್ಲ, ಸವೆಯುವ ಭಾಗವೂ ಇಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಮಾಡಿ ತೋರಿಸಿದ ಈ ಉಪಾಯ ಬಾಹ್ಯಾಕಾಶದ ಯಂತ್ರಗಳಿಗೂ ಹೋಗಿ ಬಂದು, ಈಗ ಎರಡು ಸಾವಿರ ರೂಪಾಯಿಯ ಸಾಮಾನಾಗಿ ಮುಂಡರಗಿಯವರೆಗೆ ಕೊರಿಯರಿನಲ್ಲಿ ಬರುತ್ತದೆ. ಬಾಕ್ಸ್ ಫ್ಯಾನಿನ ಅಲ್ಯೂಮಿನಿಯಂ ಗಟ್ಟಿಗೆ ಈ ಚುರುಕು ಇಲ್ಲ. ಅದು ಗಾಳಿಗಿಂತ 50 ಡಿಗ್ರಿ ಮೇಲೆ ನಿಲ್ಲಿಸಿದರೆ ಟವರ್ 30 ಅಥವಾ 35ರಲ್ಲಿ ನಿಲ್ಲಿಸಬಲ್ಲದು. ಇಪ್ಪತ್ತೆರಡು ಡಿಗ್ರಿಯ ದೇಶದಲ್ಲಿ ಆ ಅಂತರ ಶೋಕಿ ಅನ್ನಿಸಬಹುದು. ನಮ್ಮ ಮೇ ತಿಂಗಳಲ್ಲಿ ಪ್ರೊಸೆಸರ್ ವೇಗ ತಗ್ಗಿಸುವುದೋ ಬಿಡುವುದೋ ಎಂಬುದನ್ನು ಆ ಅಂತರವೇ ನಿರ್ಧರಿಸುತ್ತದೆ.

ಮದುವೆ ಸೀಜನ್ ನೋಡಿ. ನಮ್ಮ ಕಡೆ ಹೆಚ್ಚು ಮದುವೆಗಳಾಗುವುದೇ ಬೇಸಿಗೆಯಲ್ಲಿ. ವಿಡಿಯೊ ಮಾಡುವವರಿಗೆ ಕೆಲಸ ಮೈಮೇಲೆ ಬೀಳುವ ತಿಂಗಳು, ಕೋಣೆ ಕಾಯುವ ತಿಂಗಳು ಎರಡೂ ಒಂದೇ. ಬಾಕ್ಸ್ ಫ್ಯಾನಿನ ಪರ ಹೇಳಿದ ‘ವರ್ಷಕ್ಕೆ ಎರಡೇ ತಿಂಗಳು’ ಎಂಬ ಮಾತು ಇವರ ಮಟ್ಟಿಗೆ ತಿರುಗುಮುರುಗಾಗುತ್ತದೆ, ಯಾಕೆಂದರೆ ಇವರ ವರ್ಷದ ದುಡಿಮೆಯೇ ಆ ಎರಡು ತಿಂಗಳಲ್ಲಿದೆ.

ಸದ್ದಿನ ಮಾತೂ ಇದೆ. ಚಿಕ್ಕ ಫ್ಯಾನ್ ಅಷ್ಟೇ ಗಾಳಿ ತಳ್ಳಲು ಹೆಚ್ಚು ವೇಗವಾಗಿ ತಿರುಗಬೇಕು, ಅದರ ಕೀರಲು ಮೈಕಿಗೆ ಕೇಳಿಸುತ್ತದೆ. 120 ಮಿಲಿಮೀಟರಿನ ಫ್ಯಾನ್ ನಿಧಾನಕ್ಕೆ ತಿರುಗಿ ಅದೇ ಕೆಲಸ ಮಾಡುತ್ತದೆ. ಒಂದೇ ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿ ಅಲ್ಲೇ ಮಿಕ್ಸ್ ಮಾಡುವವರು ಮರುಯೋಚನೆ ಇಲ್ಲದೆ ಟವರ್ ಹಾಕಿಸಲಿ.

ಟವರ್ ಮುಂದಿನ ಕಂಪ್ಯೂಟರಿಗೂ ಬರುತ್ತದೆ ಎಂಬ ವಾದ ಬಹುಮಟ್ಟಿಗೆ ನಿಜ. ಎಎಂಡಿಯ ಎಎಂ4 ಸಾಕೆಟ್ಟಿಗೆ ತಂದ ಹೆಚ್ಚಿನ ಕೂಲರುಗಳು 2022ರಲ್ಲಿ ಬಂದ ಎಎಂ5ಕ್ಕೂ ಕೂರುತ್ತವೆ. ಇಂಟೆಲ್ ಮಾತ್ರ 2021ರಲ್ಲಿ ಎಲ್‌ಜಿಎ 1700 ಸಾಕೆಟ್ ತಂದಾಗ ತೂತುಗಳ ಅಂತರವನ್ನು 75ರಿಂದ 78 ಮಿಲಿಮೀಟರಿಗೆ ಹಿಗ್ಗಿಸಿತು, ಹಳೆಯ ಕೂಲರಿಗೆ ಹೊಸ ಬ್ರಾಕೆಟ್ ಹುಡುಕಬೇಕಾಯಿತು.

ದೂಳಿನ ವಿಷಯದಲ್ಲಿ ಎರಡೂ ಕಡೆಯವರು ತಮ್ಮದೇ ಮೇಲು ಎನ್ನುತ್ತಾರೆ. ಇಲ್ಲಿ ಹತ್ತಿರದಿಂದ ನೋಡಬೇಕು. ಒಂದು ರಾಶಿ ಸುಗ್ಗಿ ಕಳೆದ ಮೇಲೆ ಟವರಿನ ಫ್ಯಾನ್ ಬಿಚ್ಚಿ ನೋಡಿ. ರೆಕ್ಕೆಗಳ ಮುಖದ ಮೇಲೆ ಬೂದು ಬಣ್ಣದ ಕಂಬಳಿಯಂಥ ಪದರ ಕಟ್ಟಿರುತ್ತದೆ. ಹತ್ತಿಯ ಎಳೆ, ಕೂದಲು, ಎರೆ ಮಣ್ಣಿನ ನುಣುಪು ಪುಡಿ ಎಲ್ಲ ಹೆಣೆದುಕೊಂಡು ಉಗುರಿನಿಂದ ಎತ್ತಿದರೆ ತುಂಡಾಗದೆ ಹಾಳೆಯಾಗಿಯೇ ಬರುತ್ತದೆ. ಫ್ಯಾನ್ ಹೊರಗಿನಿಂದ ಚೊಕ್ಕಟವಾಗಿ ತಿರುಗುತ್ತಿರುತ್ತದೆ, ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಬಾಕ್ಸ್ ಫ್ಯಾನಿನಲ್ಲೂ ರೆಕ್ಕೆಗಳ ಸಂದಿಯಲ್ಲಿ ಇದೇ ಕಟ್ಟಿಕೊಳ್ಳುತ್ತದೆ, ಮಿಕ್ಕದ್ದು ಬೋರ್ಡಿನ ಮೇಲೆ ಉದುರುತ್ತದೆ. ಟವರಿನ ಅನುಕೂಲ ಏನೆಂದರೆ, ಎರಡು ತಂತಿ ಕ್ಲಿಪ್ಪು ತೆಗೆದರೆ ಫ್ಯಾನ್ ಕೈಗೆ ಬರುತ್ತದೆ, ಕೂಲರ್ ಅಲುಗಿಸದೆ ಬ್ರಷ್ ಆಡಿಸಬಹುದು. ಶಕ್ತಿ ಮಿಗಿಲಿರುವುದರಿಂದ ಅರ್ಧ ದೂಳು ಕಟ್ಟಿದರೂ ಅದು ತಡೆದುಕೊಳ್ಳುತ್ತದೆ. ಬಾಕ್ಸ್ ಫ್ಯಾನಿಗೆ ಆ ಮಿಗಿಲು ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ ಒರೆಸುವ ಶಿಸ್ತು ಇದ್ದವರಿಗೆ ಬಾಕ್ಸ್ ಫ್ಯಾನ್ ಸಾಕು. ಆ ಶಿಸ್ತು ತಮಗಿಲ್ಲ ಎಂದು ಗೊತ್ತಿದ್ದವರು ಟವರಿಗೆ ಹಣ ಹಾಕುವುದು ಮೇಲು. ಯಾವುದೇ ಆದರೂ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಅದು ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಜೋಡಿಸುವ ಕಷ್ಟ ಹೆಚ್ಚುಕಡಿಮೆ ಸಮ. ಇಂಟೆಲ್ ಬಾಕ್ಸ್ ಫ್ಯಾನಿನ ನಾಲ್ಕು ಒತ್ತುಗುಬ್ಬಿಗಳಲ್ಲಿ ಮೂರು ಕೂತು ಒಂದು ಕೂರದಿರುವುದು ಹೊಸಬರಿಗೆ ತೀರಾ ಸಾಮಾನ್ಯ. ಮೂಲೆಗೆ ಮೂಲೆ ಎದುರಾಗಿ ಒತ್ತಿ, ಬೋರ್ಡನ್ನು ತಿರುವಿ, ನಾಲ್ಕೂ ತೂತಿನಿಂದ ಗುಬ್ಬಿಯ ತುದಿ ಹೊರಗೆ ಬಂದಿದೆಯೇ ನೋಡಬೇಕು. ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಪೇಸ್ಟ್ ಬಾಕ್ಸ್ ಫ್ಯಾನಿನ ಅಡಿಯಲ್ಲೇ ಹಚ್ಚಿ ಬಂದಿರುತ್ತದೆ. ಹಲವು ಟವರುಗಳಿಗೆ ಪೇಸ್ಟನ್ನು ಕಡಲೆ ಗಾತ್ರದಷ್ಟು ನಾವೇ ಹಾಕಬೇಕು, ಅಡಿಯ ಪ್ಲಾಸ್ಟಿಕ್ ಹಾಳೆ ಕಿತ್ತು ಕೂರಿಸಬೇಕು, ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಎಂ4 ಬೋರ್ಡಿನಿಂದ ಕೂಲರ್ ತೆಗೆಯುವಾಗ ನೇರ ಕೀಳಬಾರದು. ಒಣಗಿದ ಪೇಸ್ಟು ಪ್ರೊಸೆಸರನ್ನೇ ಸಾಕೆಟ್ಟಿನಿಂದ ಎಳೆದುಕೊಂಡು ಬಂದು ಪಿನ್ನು ಬಾಗುತ್ತವೆ. ಕಂಪ್ಯೂಟರನ್ನು ಹತ್ತು ನಿಮಿಷ ನಡೆಸಿ, ಪೇಸ್ಟು ಬೆಚ್ಚಗಾದ ಮೇಲೆ ಬಂದ್ ಮಾಡಿ, ಎಡಕ್ಕೆ ಬಲಕ್ಕೆ ತಿರುವಿ ಬಿಡಿಸಬೇಕು.

ನೀರಿನ ಕೂಲರುಗಳ ಬಗ್ಗೆ ಕೇಳುವ ಹುಡುಗರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿಗೆ ನೀರಿನ ತಣಿಸುವಿಕೆ ಬೇಕು. 65 ವ್ಯಾಟಿನ ಮನೆ ಪ್ರೊಸೆಸರಿಗೆ ಬೇಡ. ನೀರಿನ ಕೂಲರಿನ ರೇಡಿಯೇಟರಿಗೂ ಸಿಗುವುದು ಅದೇ 39 ಡಿಗ್ರಿಯ ಗಾಳಿ. ಪಂಪು ನಿಂತ ದಿನ ಇಡೀ ಯಂತ್ರವೇ ನಿಲ್ಲುತ್ತದೆ.

ಎರಡೂ ಪಕ್ಷಗಳು ಪಕ್ಕಕ್ಕೆ ಸರಿಸುವ ಮೂರನೆಯ ದಾರಿಯೊಂದಿದೆ, ಅದಕ್ಕೆ ರೂಪಾಯಿ ಖರ್ಚಿಲ್ಲ. ಐ5-12400ರ ಡಬ್ಬಿಯ ಮೇಲೆ 65 ವ್ಯಾಟ್ ಎಂದಿದ್ದರೂ ಟರ್ಬೊ ಹೊತ್ತಿನಲ್ಲಿ ಅದು 117 ವ್ಯಾಟಿನವರೆಗೆ ಹೋಗಬಲ್ಲದು. ಎಷ್ಟೋ ಮದರ್‌ಬೋರ್ಡುಗಳು ಅದನ್ನು ಹೊತ್ತಿನ ಮಿತಿಯಿಲ್ಲದೆ ಓಡಲು ಬಿಡುತ್ತವೆ. ಮದರ್‌ಬೋರ್ಡಿನ ಬಯೋಸ್ ಸೆಟ್ಟಿಂಗಿಗೆ ಹೋಗಿ ದೀರ್ಘಕಾಲದ ಮಿತಿಯನ್ನು 65ಕ್ಕೆ ಕಟ್ಟಿದರೆ ಬಾಕ್ಸ್ ಫ್ಯಾನಿನ ಹೊರೆ ಬಹಳ ಇಳಿಯುತ್ತದೆ, ವೇಗದಲ್ಲಿ ಕಳೆಯುವುದು ಆ ಪ್ರಮಾಣದಲ್ಲಿ ಇರುವುದಿಲ್ಲ. ರೈಜನ್‌ನಲ್ಲಿ ಇಕೊ ಮೋಡ್ ಇದೇ ಕೆಲಸ ಮಾಡುತ್ತದೆ. ಬೇಸಿಗೆಗೆ ಕಟ್ಟಿ, ಮಳೆಗಾಲಕ್ಕೆ ಬಿಚ್ಚಬಹುದು. ಮೊದಲ ಕಂಪ್ಯೂಟರ್ ಜೋಡಿಸುವವರಿಗೆ ಬಯೋಸ್ ಎಂದರೆ ಕೈ ನಡುಗುತ್ತದೆ ಎಂಬುದೂ ನಿಜವೇ, ಅದಕ್ಕೇ ಈ ದಾರಿ ಹೆಚ್ಚು ಜನರಿಗೆ ಕಾಣುವುದಿಲ್ಲ.

ಕೋಣೆಯ ಆಯ್ಕೆ ಕೂಲರಿನ ಆಯ್ಕೆಗಿಂತ ದೊಡ್ಡದು ಎಂದು ನನಗೆ ದಿನೇ ದಿನೇ ಹೆಚ್ಚು ಅನ್ನಿಸುತ್ತಿದೆ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯ ನಡುಮನೆ ಮಧ್ಯಾಹ್ನವೂ ತಂಪಾಗಿರುತ್ತದೆ. ಹೊಸ ಆರ್‌ಸಿಸಿ ಮನೆಯ ಮೇಲಿನ ಕೋಣೆ ಹಗಲೆಲ್ಲ ಕಾದು, ಹೊರಗೆ ತಂಗಾಳಿ ಬೀಸುವ ಹೊತ್ತಿಗೂ ಒಳಗೆ ಝಳ ಬಿಡುತ್ತಿರುತ್ತದೆ. ತಗಡಿನ ಶೆಡ್ಡಿನ ಮಾತೇ ಬೇಡ. ಮಾಳಿಗೆ ಮನೆಯಲ್ಲಿ ಬಾಕ್ಸ್ ಫ್ಯಾನ್ ನಡೆಸುವವರು, ಆರ್‌ಸಿಸಿ ಕೋಣೆಯಲ್ಲಿ ಟವರ್ ನಡೆಸುವವರು ಇಬ್ಬರೂ ಪರದೆಯ ಮೇಲೆ ಒಂದೇ ಅಂಕಿ ನೋಡುತ್ತಿರಬಹುದು. ಕೋಣೆಗೆ ನೀರಿನ ಏರ್ ಕೂಲರ್ ಇಟ್ಟರೆ ನಮ್ಮ ಒಣ ಹವೆಯಲ್ಲಿ ಅದು ಒಳ್ಳೆಯ ಕೆಲಸ ಮಾಡುತ್ತದೆ, ಪ್ರೊಸೆಸರಿಗೂ ಅದರ ಲಾಭವಿದೆ. ಆದರೆ ಅದರ ಗಾಳಿ ನೇರ ಕ್ಯಾಬಿನೆಟ್ಟಿಗೆ ಬಡಿಯಬಾರದು. ಸವುಳು ನೀರಿನ ಸಣ್ಣ ಹನಿ, ದೂಳು ಎರಡೂ ಸೇರಿ ಬೋರ್ಡಿನ ಮೇಲೆ ಗಟ್ಟಿ ಕಟ್ಟುತ್ತವೆ. ಕ್ಯಾಬಿನೆಟ್ಟಿನ ಮುಖಕ್ಕೆ ಗಾಜಿದ್ದರೆ ಒಳಗಿನ ಕೂಲರ್ ಎಂಥದ್ದಾದರೂ ಉಸಿರುಗಟ್ಟುತ್ತದೆ. ಬಣ್ಣದ ದೀಪ ನೋಡಿ ಮರುಳಾಗದೆ ಜಾಲರಿ ಮುಖದ್ದನ್ನೇ ಕೇಳಿ ತೆಗೆದುಕೊಳ್ಳಬೇಕು. ಟವರ್ ಹಾಕುವ ಮನಸ್ಸಿದ್ದರೆ ಕ್ಯಾಬಿನೆಟ್ 160 ಮಿಲಿಮೀಟರ್ ಕೂಲರಿಗೆ ಜಾಗ ಕೊಡುತ್ತದೆಯೇ ಎಂದೂ ಅದೇ ಹೊತ್ತಿಗೆ ನೋಡಬೇಕು.

ನನ್ನ ಒಲವು ಕೇಳಿದರೆ: ಓದು, ಡಿಟಿಪಿ, ಸೇವಾ ಕೇಂದ್ರದ ಕೆಲಸಕ್ಕೆ 65 ವ್ಯಾಟಿನ ಪ್ರೊಸೆಸರ್ ತಂದವರು ಬಾಕ್ಸ್ ಫ್ಯಾನಿನಿಂದಲೇ ಶುರು ಮಾಡಲಿ. ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಅರ್ಧ ತಾಸು ಭಾರೀ ಕೆಲಸ ಹಚ್ಚಿ, ಎಚ್‌ಡಬ್ಲ್ಯುಇನ್ಫೊ ತರಹದ ತಂತ್ರಾಂಶದಲ್ಲಿ ಡಿಗ್ರಿಯನ್ನೂ ವೇಗವನ್ನೂ ನೋಡಲಿ. ವೇಗ ಕುಸಿಯದಿದ್ದರೆ ಅಂಕಿ 85 ಇದ್ದರೂ ಚಿಂತೆ ಬೇಡ. ಇದಕ್ಕೆ ಎದುರು ಮಾತೂ ಇದೆ: ಆಮೇಲೆ ಟವರ್ ಹಾಕಬೇಕಾದರೆ, ಬೆನ್ನ ಹಿಂದೆ ಕಂಡಿ ಇಲ್ಲದ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಬೋರ್ಡನ್ನೇ ಹೊರಗೆ ತೆಗೆಯಬೇಕಾಗಬಹುದು, ಆಗಿನ ಶ್ರಮ ಈಗಿನದಕ್ಕಿಂತ ದುಪ್ಪಟ್ಟು. ಹಾಡಿನ ರೆಕಾರ್ಡಿಂಗ್ ಇದ್ದರೆ, ಇಲ್ಲವೇ ವಿಡಿಯೊ ಕೆಲಸವೂ ಮೇಲಿನ ಮಹಡಿಯ ಕೋಣೆಯೂ ಕೂಡಿದರೆ, ಮೊದಲೇ ಟವರ್ ಹಾಕಿಸುವುದು ಜಾಣತನ. ಇಂಟೆಲ್‌ನ ಕೆ ಅಕ್ಷರದ ಪ್ರೊಸೆಸರ್ ತರುವವರಿಗೆ ಈ ಪ್ರಶ್ನೆಯೇ ಇಲ್ಲ, ಅವುಗಳ ಡಬ್ಬಿಯಲ್ಲಿ ಫ್ಯಾನ್ ಬರುವುದಿಲ್ಲ.

ಟವರ್ ಕೊಂಡವರು ಪುಕ್ಕಟೆ ಬಂದ ಫ್ಯಾನನ್ನು ಯಾರಿಗೂ ಕೊಡದೆ, ಅಡಿಯ ಪೇಸ್ಟು ಒರೆಸಿಹೋಗದ ಹಾಗೆ ಅದರ ಡಬ್ಬಿಯಲ್ಲೇ ತೆಗೆದಿಡಲಿ. ಟವರಿನ ಫ್ಯಾನ್ ಎಂದಾದರೂ ನಿಂತರೆ ಹೊಸದು ಕೊರಿಯರಿನಲ್ಲಿ ಬರುವವರೆಗೆ ಅದನ್ನು ಹಾಕಿಕೊಂಡು ಕೆಲಸ ನಡೆಸಬಹುದು.